ಎರಡು ಮನೆಗೆ ಒಂದೇ ಕಲ್ಲು

ಮೆಲ್ಕಾರಿನ ಲೋಕಯ್ಯ ಗೋಡೆ ಕಟ್ಟಿದನೆಂದರೆ ಆನೆ ಒರಗಿದರೂ ಅಲುಗದು ಎಂದು ಊರವರೇ ಹೊಗಳುತ್ತಿದ್ದ ಕಾಲವೊಂದಿತ್ತು. ಬೀಯಮ್ಮನ ಇಬ್ಬರು ಗಂಡುಮಕ್ಕಳಿಗೂ ಮನೆ ಕಟ್ಟಿದವನು ಅವನೇ. ದೊಡ್ಡವ ಅಬ್ದುಲ್ ರಹಿಮಾನನದು ಗುಡ್ಡದ ಗಟ್ಟಿ ಪಾದೆಕಲ್ಲಿನ ಮೇಲೆ. ಕಿರಿಯವ ಶರೀಫನಿಗೆ ಬಸ್ಸಿನ ಮಾರ್ಗದ ಬದಿಯೇ ಆಗಬೇಕು. ಗದ್ದೆಗೆ ಮಣ್ಣು ತುಂಬಿಸಿ ಅದರ ಮೇಲೆ ಕಟ್ಟಿಸಿದ. ಎರಡಕ್ಕೂ ಒಂದೇ ಕೋರೆಯಿಂದ ಕಡಿದ ಕೆಂಪುಕಲ್ಲು, ಒಂದೇ ಸುಣ್ಣದ ಗಾರೆ, ಒಂದೇ ಕೈ.

ಅರುವತ್ತರ ದಶಕದ ಒಂದು ಬೆಳಿಗ್ಗೆ ಭೂಮಿ ನಡುಗಿತು. ಗುಡ್ಡದ ಮನೆಯಲ್ಲಿ ಒಂದು ಹಂಚೂ ಜಾರಲಿಲ್ಲ. ಶರೀಫನ ಮನೆಯ ಗೋಡೆಗಳು ಮೂಲೆಯಿಂದ ಮೂಲೆಗೆ ಬಾಯಿಬಿಟ್ಟವು.

"ಅಣ್ಣನಿಗೆ ಕೆಲಸ, ತಮ್ಮನಿಗೆ ಮೋಸ! ನನ್ನ ಮಕ್ಕಳು ಗೋಡೆಯ ಅಡಿಗೆ ಬೀಳ್ತಿದ್ದರಲ್ಲ ಮಾರಾಯ!" ಎಂದು ಶರೀಫ ಪೇಟೆಯ ನಡುವೆ ಕೂಗಾಡಿದ. ಅಷ್ಟು ಸಾಕಾಯಿತು. ಆನೆಯ ಮಾತಾಡಿದ ಬಾಯಿಗಳೇ ಈಗ ಲೋಕಯ್ಯನನ್ನು ಕಳ್ಳನೆಂದವು. ಥೂ, ಈ ಜನವೇ! ಒಬ್ಬರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಪಾಪ, ಅವನಿಗೆ ತನ್ನ ಕೈಯ ಮೇಲೆಯೇ ಸಂಶಯ ಹುಟ್ಟಿತು. ಗಾರೆ ಕಲಸುವಾಗ ಎಲ್ಲಿ ತಪ್ಪಿದೆನೋ ಎಂದು ಕೊರಗಿ ಕೊರಗಿ ಅನ್ನವೂ ಸೇರದಾಯಿತು.

ಕೊನೆಗೆ ಬೀಯಮ್ಮನೇ ಅವನನ್ನೂ ಶರೀಫನನ್ನೂ ಒಡೆದ ಮನೆಗೆ ಕರೆಸಿದಳು. ಒಳಗೆ ಚೆಂಬು ತುಂಬ ನೀರಿಟ್ಟು, ಅಂಗಳದಲ್ಲಿ ಭತ್ತ ಕುಟ್ಟಲು ಸೊಸೆ ಸೈನಬಳಿಗೆ ಹೇಳಿದಳು. ಒನಕೆ ಬಿದ್ದಾಗಲೆಲ್ಲ ಚೆಂಬಿನ ನೀರು ನಡುಗಿತು.

"ಈ ಮನೆಗೆ ಬಂದಂದಿನಿಂದ ಈ ನಡುಕ ನೋಡ್ತಾ ಇದ್ದೇನೆ. ಇನ್ನು ಮೇಲಿನ ಮನೆಗೆ ಹೋಗುವ" ಎಂದಳು.

ಗುಡ್ಡದಲ್ಲೂ ಅದೇ ಚೆಂಬು, ಅದೇ ಒನಕೆ, ಸೈನಬಳದೇ ಕೈ. ನೀರು ಮಿಸುಕಲಿಲ್ಲ.

"ಗೋಡೆಯ ತಪ್ಪಲ್ಲ ಮೋನೇ, ಅಡಿಯ ಮೆತ್ತನೆ ಮಣ್ಣು ಕುಣಿದದ್ದು. ಪಾದೆ ಒಂದಿಷ್ಟು ಅಲುಗಿದರೆ ಗದ್ದೆ ಎಷ್ಟೋ ಹೆಚ್ಚು ಅಲುಗ್ತದೆ. ಗದ್ದೆಯೇ ಬೇಕು ಅಂತ ಹಟ ಹಿಡಿದವ ಯಾರು?" ಎಂದು ಬೀಯಮ್ಮ ಮಗನನ್ನು ಕೇಳಿದಳು.

ಶರೀಫ ತಲೆ ತಗ್ಗಿಸಿದ. "ತಪ್ಪಾಯಿತು ಲೋಕಯ್ಯಣ್ಣ. ಇಲ್ಲೇ ಅಣ್ಣನ ಪಕ್ಕ ಕಟ್ಟಿಕೊಡಿ. ಹೊಸ ಕಲ್ಲು ತರಿಸ್ತೇನೆ."

ಲೋಕಯ್ಯನ ಕಣ್ಣು ತುಂಬಿತು. "ಹೊಸತು ಬೇಡ ಸಾಹುಕಾರ್ರೆ. ಆ ಗೋಡೆ ಬಿಚ್ಚುವ. ಅದೇ ಕಲ್ಲಲ್ಲಿ ಕಟ್ತೇನೆ, ಊರು ನೋಡಲಿ."

ಮೊದಲ ಕಲ್ಲನ್ನು ಶರೀಫ ತಾನೇ ಹೆಗಲಿಗೇರಿಸಿಕೊಂಡ. ಹತ್ತಿರದ ಕಾಲುದಾರಿ ಬಿಟ್ಟು, ತಾನು ಕೂಗಾಡಿದ ಪೇಟೆಯ ನಡುವಿನಿಂದಲೇ ಅದನ್ನು ಗುಡ್ಡಕ್ಕೆ ಹೊತ್ತೊಯ್ದ.