ಬೀಗರಿಗೆ ಕೊಟ್ಟ ಟಗರಿನ ಈಲಿ

ಕುರಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಬೆನ್ನು ಒತ್ತಿ ನೋಡಿ ಮರುಳಾಗಬೇಡಿ, ಬಾಯಿ ಬಿಡಿಸಿ ಹಲ್ಲು ನೋಡಿ. ಬೆನ್ನನ್ನು ಎರಡು ತಿಂಗಳಲ್ಲಿ ತಯಾರು ಮಾಡಬಹುದು. ನಾನೇ ಮಾಡಿದ್ದೇನೆ.

ಹಿರಿಯೂರು ಸಂತೆಯಲ್ಲಿ ನಾಲ್ಕು ಮರಿ ಹಿಡಿದು ನಿಂತು ಮೇಲೆ ಬಂದವನು ನಾನು. ಹೋದ ವರ್ಷ ನನ್ನ ಮಂದೆಯ ಬೀಜದ ಟಗರಿಗೆ ಎಂಟು ತುಂಬಿತ್ತು. ಮೈ ಬಡಕಲಾಗಿ, ಮುಂದಿನ ಹಲ್ಲು ಅಲ್ಲಾಡುತ್ತಿದ್ದವು. ಹಾಗೇ ಮಾರಲು ಮನಸ್ಸಾಗಲಿಲ್ಲ. ಹಾಲು ಕರೆಯುವ ಹಸುವಿಗೆ ಹಾಕುವ ಕೊಬ್ಬಿನ ಪುಡಿ ತಂದು, ಪಾಕೀಟಿನ ಮೇಲಿನ ಅಳತೆಯ ಮೂರು ಪಟ್ಟು ನುಚ್ಚಿಗೆ ಕಲಸಿದೆ. ಪುಡಿಗೆ ಹಳೇ ಮೇಣದ ವಾಸನೆ. ಎಷ್ಟು ತೊಳೆದರೂ ಕೈಯ ಜಿಡ್ಡು ಬಿಡುತ್ತಿರಲಿಲ್ಲ. ಟಗರು ಮಾತ್ರ ಹೊಳೆಯತೊಡಗಿತು, ಬೆನ್ನು ದಿಂಬಿನಂತಾಯಿತು.

ಮನೆದೇವರ ಪರಕ್ಕೆ, ಹರಕೆಯ ಊಟಕ್ಕೆ, ಟಗರು ಬೇಕೆಂದು ಜವನಗೊಂಡನಹಳ್ಳಿಯಿಂದ ತಂಗಿಯ ಗಂಡ ಬಂದ.

“ವಯಸ್ಸೆಷ್ಟು ಭಾವ?”

“ನಾಲ್ಕಾಗೈತೆ,” ಎಂದೆ.

ಬೆನ್ನು ಒತ್ತಿ ನೋಡಿ ತಲೆಯಾಡಿಸಿದ. ಬಾಯಿ ಬಿಡಿಸಲಿಲ್ಲ. ಬೀಗರ ಕುರಿಯ ಹಲ್ಲು ನೋಡಿದರೆ ಅವರ ಮಾತು ಸುಳ್ಳೆಂದ ಹಾಗೆ. ನಮ್ಮಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಅದು ಗೊತ್ತಿದ್ದೇ ನಾನು ನಾಲ್ಕು ಎಂದಿದ್ದೆ.

ಪರದ ದಿನ, ಟಗರು ಸಾಕಿದವನಿಗೇ ಕೆಂಡದಲ್ಲಿ ಸುಟ್ಟ ಈಲಿಯ, ಅಂದರೆ ಲಿವರಿನ, ಮೊದಲ ತುಂಡು ಕೊಡುವುದು ಪದ್ಧತಿ. ಹೊಟ್ಟೆ ಸೀಳುವಾಗ ನಾನು ಬಗ್ಗಿ ನೋಡಿದೆ. ಕಡುಗೆಂಪಗಿರಬೇಕಾದ ಈಲಿ ಊದಿಕೊಂಡು ಹಣ್ಣಾದ ಕುಂಬಳದ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಕತ್ತರಿಸಿದ ಚಾಕುವಿಗೆ ಪಸೆ ಅಂಟಿತ್ತು. ಕೆಂಡಕ್ಕೆ ಹಾಕಿದರೆ ಕೊಬ್ಬು ತೊಟ್ಟಿಕ್ಕಿ ಉರಿ ಎದ್ದಿತು. ಅದೇ ಮೇಣದ ವಾಸನೆ.

ತಂಗಿಯ ಅತ್ತೆ ಎಲೆಯಲ್ಲಿ ತಂದಿಟ್ಟರು. “ಏನಪ್ಪ, ಇದಕ್ಕೆ ದಿನಾ ತುಪ್ಪ ಕುಡಿಸಿದ್ಯೇನು? ತಿನ್ನು, ನೀನು ತಿಂದ ಮ್ಯಾಲೇ ನಮಗೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಗಿಲಲ್ಲಿ ನಿಂತ ತಂಗಿ ನಗಲಿಲ್ಲ. ಆ ಮನೆಯಲ್ಲಿ ಅವಳ ಮರ್ಯಾದೆ ನಾನು ನುಂಗುವ ಆ ಒಂದು ತುತ್ತಿನಲ್ಲಿತ್ತು.

ಬಾಯಿಗಿಟ್ಟೆ. ಹಣತೆಯ ತಳದ ಜಿಡ್ಡಿನಂತೆ ಅಂಗುಳಕ್ಕೆ ಮೆತ್ತಿಕೊಂಡಿತು. ನುಂಗಬೇಕೆಂದು ಎಷ್ಟು ಹೆಣಗಿದರೂ ಆಗದೆ ಬೂದಿಗೆ ಉಗಿದುಬಿಟ್ಟೆ.

ನಗು ನಿಂತಿತು. ತಂಗಿಯ ಗಂಡ ಎದ್ದು, ಬುಟ್ಟಿಯಲ್ಲಿದ್ದ ಟಗರಿನ ತಲೆ ಎತ್ತಿ ಬಾಯಿ ಬಿಡಿಸಿದ. ಹೆಬ್ಬೆರಳಿಗೆ ಒಂದು ಹಲ್ಲು ಕಿತ್ತೇ ಬಂತು.

“ನಾಲ್ಕು ಅಂದಿದ್ರಿ,” ಎಂದ. ಭಾವ ಎನ್ನಲಿಲ್ಲ.

ಆಮೇಲೆ ಪಶುವೈದ್ಯರನ್ನು ಕೇಳಿದೆ. “ಹಸುಗೆ ಹಾಕೋ ಪುಡಿನ ಮುದಿ ಟಗರಿಗೆ ಅಷ್ಟು ತುರುಕಿದ್ರೆ ಲಿವರ್ ತಡ್ಕಳ್ತದೇನ್ರಿ? ಬೆನ್ನಿಗೆ ಹತ್ತಿ ಮಿಕ್ಕಿದ್ದು ಅಲ್ಲೇ ಕುಂತ್ಕಳ್ತದೆ,” ಎಂದರು.

ತಂಗಿಯ ಗಂಡ ಈಗಲೂ ನನ್ನ ಹತ್ತಿರವೇ ಕುರಿ ಕೊಳ್ಳುತ್ತಾನೆ. ಬಂದವನೇ ಬಾಯಿ ಬಿಡಿಸುತ್ತಾನೆ. ನಾನು ತಲೆ ಹಿಡಿದುಕೊಂಡು ನಿಲ್ಲುತ್ತೇನೆ. ಜೊತೆಗೆ ಬಂದಿದ್ದರೆ, ತಂಗಿ ಅಷ್ಟು ಹೊತ್ತು ಒಳಗೆ ಹೋಗಿ ಕೂರುತ್ತಾಳೆ.