ರಾಶಿಯೊಳಗಿನ ನಿನ್ನೆಯ ಬಿಸಿಲು

ರಸ್ತೆ ಬದಿಯ ಭತ್ತದ ರಾಶಿಯಲ್ಲಿ ಅಜ್ಜಿಯೊಬ್ಬಳು ಮೊಣಕಾಲವರೆಗೆ ಕಾಲು ಹುಗಿದುಕೊಂಡು ಕೂತಿದ್ದಳು. ಗಕ್ಕನೆ ಸ್ಕೂಟಿ ನಿಲ್ಲಿಸಿದೆ. ಸಿಂಧನೂರಿನಿಂದ ಮಸ್ಕಿಯ ಶಾಲೆಗೆ ಪಾಠ ಮಾಡಲು ಹೊರಟವಳು ನಾನು. ಚಳಿಗಾಲದಲ್ಲೂ ಬೆವರುವ ನಮ್ಮ ಸೀಮೆಗೆ ಆ ಬೆಳಿಗ್ಗೆ ಉತ್ತರದ ಶೀತಗಾಳಿ ಇಳಿದಿತ್ತು. ಕಾಲುವೆಯ ಕಡೆಯಿಂದ ಮಂಜು ಮೆಲ್ಲಗೆ ನಡೆದು ಬರುತ್ತಿತ್ತು. ನನ್ನ ಕೈಕಾಲು ಮರಗಟ್ಟಿದ್ದವು.

“ಬಾ ಯವ್ವಾ, ಕಾಲಿಡು. ನಿನ್ನಿ ಬಿಸಿಲು ಇನ್ನಾ ಒಳಗ ಐತಿ,” ಎಂದು ಅಜ್ಜಿ ತಾಡಪತ್ರಿ ಸರಿಸಿದಳು. ಒಣಗಿದ ಭತ್ತವನ್ನು ಸಂಜೆ ಬಿಸಿಯಿರುವಾಗಲೇ ರಾಶಿ ಮಾಡಿ ಮುಚ್ಚಿದ್ದಳಂತೆ.

ನಾನು ಹಿಂಜರಿದೆ. ಅನ್ನವಾಗುವ ಕಾಳಿಗೆ ಕಾಲು ತಾಗಿಸುವುದೆ? ಚಿಕ್ಕಂದಿನಲ್ಲಿ ಒಂದು ಕಾಳು ತುಳಿದರೂ ಅವ್ವ ಅದನ್ನೆತ್ತಿ ನನ್ನ ಕಣ್ಣಿಗೊತ್ತುತ್ತಿದ್ದಳು.

“ಹಡೆದಾಕಿ ಉಡಿಯಾಗ ಕೂಸು ಕಾಲು ಚಾಚಿದ್ರ ಆಕಿ ಸಿಟ್ಟಾಗ್ತಾಳೇನು?” ಅಜ್ಜಿ ನಕ್ಕಳು.

ಚಪ್ಪಲಿ ಕಳಚಿ, ಒಂದು ಹಿಡಿ ಭತ್ತವನ್ನು ಕಣ್ಣಿಗೊತ್ತಿಕೊಂಡು, ಕಾಲಿಳಿಸಿದೆ. ಒಳಗೆ ನಿನ್ನೆಯ ಮಧ್ಯಾಹ್ನ ಇನ್ನೂ ಎಚ್ಚರವಾಗಿತ್ತು. ಮಂಜು ಬಂದು ನಮ್ಮಿಬ್ಬರನ್ನೂ ಮುಚ್ಚಿತು, ದಾಟಿ ಹೋಯಿತು. ಶಾಲೆಯ ಗಂಟೆ ನನಗೆ ಮರೆತೇ ಹೋಗಿತ್ತು.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅನ್ನ ತಣ್ಣಗಾಗಿತ್ತು. ಮೊದಲ ತುತ್ತು ಎತ್ತಿದೆ, ಪಾದಗಳು ಬೆಚ್ಚಗಾದವು.