ರಾಕ್ಷಸನ ಎಡಗಾಲು ನಮ್ಮ ಸೆಕ್ಷನ್ ಅಲ್ಲ

“ಏಯ್, ಎಡಗಾಲು ನಂದಲ್ಲ! ಅದು ನೂರ್‌ಜಾನ್‌ದು!”

ಕಳೆದ ಭಾನುವಾರ ಮಧ್ಯಾಹ್ನ ಆಂಧ್ರ ಗಡಿಯ ರಾಯದುರ್ಗದ ನಮ್ಮ ಪಡಸಾಲೆಯಲ್ಲಿ ಮೊಳಗಿದ ರಣಘೋಷ ಇದು. ಕೂಗಿದವರು ದೊಡ್ಡಪ್ಪನ ಮಗಳು ಶಾರದಕ್ಕ. ಮೊಬೈಲಿನಲ್ಲಿ ಮೂರಾಳೆತ್ತರದ ರಾಕ್ಷಸ ನಿಂತಿದ್ದಾನೆ. ಅಕ್ಕನ ಕೈಯಲ್ಲಿ ಕೊಡಲಿ ಇದೆ. ಆದರೆ ಎಡಗಾಲಿಗೆ ಹೊಡೆಯಲು ತಯಾರಿಲ್ಲ.

ಅಕ್ಕ ಜೀನ್ಸ್ ಯೂನಿಟ್‌ನಲ್ಲಿ ಎಂಟು ವರ್ಷದಿಂದ ಹಿಂದಿನ ಜೇಬು ಹೊಲಿಯುತ್ತಾರೆ. ಅಷ್ಟೇ. ಅವರ ಬಲಕ್ಕೆ ಕೂರುವ ನೂರ್‌ಜಾನ್ ಕಾಲು ಜೋಡಿಸುತ್ತಾರೆ. ಆಕೆಯ ಬಲಕ್ಕೆ ಲಕ್ಷ್ಮಿ, ಸೊಂಟಪಟ್ಟಿ. ಈಗ ಆ ಯೂನಿಟ್ ಮುಚ್ಚುತ್ತಿದೆ. ಹೊಸ ಯೂನಿಟ್‌ನಲ್ಲಿ ಸೋಮವಾರ ಅಕ್ಕನಿಗೆ ಟ್ರಯಲ್. ಇಡೀ ಪ್ಯಾಂಟ್ ಒಬ್ಬರೇ ಹೊಲಿಯಬೇಕು.

“ನಾ ಜೇಬಿನಾಕಿ. ನನ್ ಕೈಲೆ ಆಗಂಗಿಲ್ಲ ತಮ್ಮಾ.”

ನಾನು ಸುಮ್ಮನಿರುವವನೇ? ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನು. (ಎದುರು ತಂಡಕ್ಕೆ ಬಸ್ ತಪ್ಪಿತ್ತು. ಆ ಮಾತು ಇಲ್ಲಿ ಬೇಡ.) ಯಾರು ಏನು ಬೇಕಾದರೂ ಕಲಿಯಬಹುದು ಎಂಬುದಕ್ಕೆ ಪುರಾವೆಯೆಂದು, ಅಂದು ಮನೆಗೆ ಬಂದಿದ್ದ ಇಬ್ಬರು ಗೆಳತಿಯರೂ ಸೇರಿ ಮೂವರ ಮೊಬೈಲಿಗೂ ನನ್ನ ಗೇಮ್ ಹಾಕಿಕೊಟ್ಟೆ. ಅದರಲ್ಲಿ ಹುಟ್ಟಾ ಬಿಲ್ಲುಗಾರ, ಹುಟ್ಟಾ ಮಂತ್ರವಾದಿ ಅಂತ ಯಾರೂ ಇಲ್ಲ. ಕಾಡಿನಲ್ಲಿ ಬರಿಗೈಲಿ ಬೀಳುತ್ತೀರಿ. ಕೊಡಲಿ ಬೀಸಿದರೆ ತೋಳು ಗಟ್ಟಿಯಾಗುತ್ತದೆ, ಓಡಿದರೆ ದಮ್ಮು ಬೆಳೆಯುತ್ತದೆ. ಏನು ಮಾಡುತ್ತೀರೋ ಅದೇ ಆಗುತ್ತೀರಿ.

“ಸ್ವಲ್ಪ ಕತ್ತಿ, ಸ್ವಲ್ಪ ಬೆಂಕಿಮಂತ್ರ, ಸ್ವಲ್ಪ ಓಟ ಕಲೀರಿ” ಎಂದೆ.

ಇಂಥ ಸ್ವಾತಂತ್ರ್ಯ ಸಿಕ್ಕಾಗ ಮೂವರೂ ಮಾಡಿದ್ದೇನು? ಯೂನಿಟ್‌ನಲ್ಲಿರುವ ಹಾಗೇ ಲೈನ್ ಕಟ್ಟಿದರು! ರಾಕ್ಷಸನ ಹಿಂಭಾಗ ಅಕ್ಕನಿಗೆ, ಕಾಲು ನೂರ್‌ಜಾನ್‌ಗೆ, ನಡು ಲಕ್ಷ್ಮಿಗೆ. ಅವನು ತಿರುಗಿದಾಗಲೆಲ್ಲ ಹಿಂಭಾಗ ಹುಡುಕುತ್ತ ಅಕ್ಕ ಸುತ್ತು ಹಾಕಿದರು. “ನೆಟ್ಟಗ ನಿಂದ್ರೋ ಮೂಳಾ!”

“ಶಾರದಕ್ಕಾ, ನಿಂದು ಮುಗಿದಿದ್ರ ಈ ಕಡಿ ತಳ್ಳವಾ” ಎಂದು ಲಕ್ಷ್ಮಿಯ ತಕರಾರು ಬೇರೆ.

ರಾಕ್ಷಸ ಸತ್ತ. ಅವನಿಗಿಂತ ಮೊದಲು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತಿದ್ದ ನನ್ನ ವೀರ ಒಂದೇ ಏಟಿಗೆ ಸತ್ತಿದ್ದ.

“ಪಾಪ, ಯಾವ ಸೆಕ್ಷನ್‌ನವ ಇವ?” ಎಂದರು ನೂರ್‌ಜಾನ್.

ಸೋಮವಾರ ಅಕ್ಕನನ್ನು ಬೈಕಿನಲ್ಲಿ ಕರೆದೊಯ್ದು ಬಾಗಿಲಲ್ಲಿ ನಿಂತೆ. ಒಳಗೆ ಸಾಲಾಗಿ ಮೂರು ಖಾಲಿ ಮಷಿನ್. ಮೊದಲನೆಯದರಲ್ಲಿ ಕೂತ ಅಕ್ಕ ಜೇಬು ಹೊಲಿದು, ಅಭ್ಯಾಸಬಲದಿಂದ ಬಟ್ಟೆಯನ್ನು ಬಲಕ್ಕೆ ಚಾಚಿದರು. ಅಲ್ಲಿ ಯಾರೂ ಇರಲಿಲ್ಲ. ಚಾಚಿದ ಕೈ ಹಾಗೇ ನಿಂತಿತು. ಮುಗಿಯಿತು ಕಥೆ ಅಂದುಕೊಂಡೆ.

ಅಕ್ಕ ಎದ್ದರು. ಎರಡನೇ ಮಷಿನ್‌ಗೆ ಹೋಗಿ, ಥೇಟ್ ನೂರ್‌ಜಾನ್ ಹಾಗೆ ಕತ್ತು ವಾರೆ ಮಾಡಿ, ಸಣ್ಣಗೆ ಕೆಮ್ಮಿ ಕಾಲು ಜೋಡಿಸಿದರು. ಮತ್ತೆ ಎದ್ದು ಮೂರನೆಯದಕ್ಕೆ ಹೋದರು. ಅಲ್ಲಿ ಲಕ್ಷ್ಮಿಯ ಧಾಟಿಯಲ್ಲೇ ದಾರಕ್ಕೆ ಬೈಯುತ್ತ ಪಟ್ಟಿ ಕೂರಿಸಿದರು.

“ಏಂಟಮ್ಮಾ, ಎವರಿತೋ ಮಾಟ್ಲಾಡ್ತುನ್ನಾವು?” ಯಾರ ಜೊತೆ ಮಾತು ಎಂದು ಟ್ರಯಲ್ ನೋಡುತ್ತಿದ್ದ ತೆಲುಗು ಮಾಸ್ಟರ್ ಗಾಬರಿಯಾದರು.

“ಲೈನ್ ನಡದೈತ್ರಿ ಸರ್, ನಡುವ ಮಾತಾಡಸಬ್ಯಾಡ್ರಿ.”

ಪ್ಯಾಂಟ್ ಸಿದ್ಧವಾಯಿತು. ಕೆಲಸ ಸಿಕ್ಕಿತು. ಮೂವರ ಕೆಲಸ ಒಬ್ಬರೇ ಮಾಡುತ್ತಾರೆಂದು ಮಾಸ್ಟರ್ ಮುಖ ಅರಳಿತು.

ವಾಪಸ್ ಬರುವಾಗ ಬೈಕಿನಲ್ಲೇ ನನ್ನ ವಿಜಯ ಭಾಷಣ ಶುರುವಾಯಿತು. “ನೋಡಿದ್ಯಾ ಅಕ್ಕಾ? ಯಾರು ಬೇಕಾದ್ರೂ ಏನು ಬೇಕಾದ್ರೂ ಆಗಬಹುದು!”

ಅಕ್ಕ ಹಿಂದಿನಿಂದ ನನ್ನ ಭುಜ ತಟ್ಟಿದರು. ಆಮೇಲೆ ಕೇಳಿದರು:

“ಖರೇನಪ್ಪಾ. ನಾಳೆ ನೂರ್‌ಜಾನ್, ಲಕ್ಷ್ಮಿ ಕೆಲಸ ಕೇಳಾಕ ಅಲ್ಲಿಗೇ ಬರ್ತಾರ. ಮೂರೂ ಮಷಿನ್‌ನಾಗ ನಾನೇ ಕುಂತ್ರ, ಅವ್ರೆಲ್ಲಿ ಕುಂದರ್ಬೇಕು?”